ತೊಡೆ ಅಂದರೆ ಒರೆಸುವುದೋ, ಬಳಿಯುವುದೋ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ಮನೆಗೊಂದು ಕ್ಯಾಲೆಂಡರ್ ಮಾಡಿಕೊಳ್ಳಲು ಹೋಗಿ ಪದದ ಸಿಕ್ಕಿನಲ್ಲಿ ಬಿದ್ದಿದ್ದೇನೆ.

ಅಟ್ಟದ ಮೇಲೆ ಹಳೇ ಫೋಟೋದ ಕಟ್ಟು ಒಂದಿತ್ತು, ಗಾಜು ಗಟ್ಟಿಯಾಗಿತ್ತು. ಬಿಳಿ ಡ್ರಾಯಿಂಗ್ ಹಾಳೆಗೆ ಗೀಟು ಹಾಕಿ, ವಾರದ ಹೆಸರು ಬರೆದು, ಗಾಜಿನ ಹಿಂದೆ ಸೇರಿಸಿದೆ. ತಿಂಗಳ ಹೆಸರು, ತಾರೀಕು ಎಲ್ಲ ಗಾಜಿನ ಮೇಲೆ, ಮಾರ್ಕರಿನಲ್ಲಿ. ತಿಂಗಳು ಮುಗಿದ ಕೂಡಲೇ ಒರೆಸಿ ಮತ್ತೆ ಬರೆದರಾಯ್ತು. ಮೊದಲು 5 ಸಾಲು ಸಾಕು ಅಂದುಕೊಂಡಿದ್ದೆ. 2026ರ ಆಗಸ್ಟ್ 1 ಶನಿವಾರ ಬೀಳುತ್ತದೆ, ಆಗ 30, 31ಕ್ಕೆ ಮನೆಯೇ ಇಲ್ಲ! ಹಾಳೆ ಹರಿದು 6 ಸಾಲು ಮಾಡಿದೆ. ಈಗ 42 ಮನೆ. ಚೌಕಾಬಾರದಲ್ಲಿ ಹೇಳುವ ಹಾಗೆ ಇಲ್ಲೂ ‘ಮನೆ’ ಅನ್ನೋದೇ ಚೆಂದ, ‘ಕೋಶ’ ಗೀಶ ಬೇಡ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬರುವ ದಿನ, ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ ಎಲ್ಲ ಅದರಲ್ಲೇ.

ಮಗಳು ಕೇಳಿದಳು, ‘ಡ್ರೈ ಇರೇಸ್ ಕ್ಯಾಲೆಂಡರಿಗೆ ಕನ್ನಡದಲ್ಲಿ ಏನಂತಾರೆ?’

ಕ್ಯಾಲೆಂಡರ್ ಇರಲಿ, ಅದು ಮೊಳೆಗೆ ನೇತುಬಿದ್ದು ನಮ್ಮದೇ ಆಗಿಹೋಗಿದೆ. ತೊಂದರೆ ಇರುವುದು ‘ಡ್ರೈ ಇರೇಸ್’ನಲ್ಲಿ. ‘ಒಣ ಅಳಿಕೆ’ ಅಂದರೆ ನಗು ಬರುತ್ತದೆ. ಒಣ ಜಂಬ, ಒಣ ಹರಟೆ ಅನ್ನುವ ನಮಗೆ ‘ಒಣ’ ಅಂದರೆ ಹುರುಳಿಲ್ಲದ್ದು. ಅದೂ ಅಲ್ಲದೆ ಇಲ್ಲಿ ಒಣಗಿರಬೇಕಾದ್ದು ಒರೆಸುವ ಬಟ್ಟೆ. ಶಾಯಿಯಲ್ಲಿನ ಸ್ಪಿರಿಟ್ಟು ಆರಿದ ಮೇಲೆ ಬಣ್ಣ ಗಾಜಿನ ಮೇಲೆ ತೆಳು ಪೊರೆಯಾಗಿ ಸುಮ್ನೆ ಕೂತಿರುತ್ತದೆ. ಎಣ್ಣೆಯಂಥ ಒಂದು ಪದಾರ್ಥ ಸೇರಿಸಿರುವುದರಿಂದ ಗಟ್ಟಿಯಾಗಿ ಅಂಟುವುದಿಲ್ಲ. ನೀರೇ ಬೇಡ. ನಾವು ಸ್ಲೇಟನ್ನು ನೀರುಕಡ್ಡಿಯ ದಂಟಿನಿಂದ ತಿಕ್ಕುತ್ತಿದ್ದೆವಲ್ಲ, ಅದಕ್ಕೆ ತೀರಾ ಉಲ್ಟಾ.

ಅಂಗಡಿಯವರಿಗೆ ಈ ಚಿಂತೆ ಇಲ್ಲ. ಮೊದಲ ಸಲ ನಾನು ಬರೀ ‘ಮಾರ್ಕರ್’ ಅಂದೆ, ಅಳಿಸಲಾಗದ ಪೆನ್ನು ಕೈಗೆ ಬಂತು. ಒಂದು ವಾರದ ತಾರೀಕು ಗಾಜಿಗೆ ಕಚ್ಚಿಕೊಂಡವು. ಆಮೇಲೆ ಸರಿಯಾದ ಪೆನ್ನಿನಿಂದ ಅದೇ ಅಕ್ಷರಗಳ ಮೇಲೆ ತಿದ್ದಿ, ಹಸಿ ಇರುವಾಗಲೇ ಒರೆಸಿದೆ. ಹೊಸ ಶಾಯಿಯ ಸ್ಪಿರಿಟ್ಟು ಹಳೆಯದನ್ನೂ ಕರಗಿಸಿಕೊಂಡು ಬಂತು. ಎರಡನೇ ಸಲ ಹೋದಾಗ ಅಂಗಡಿಯ ಹುಡುಗನೇ ಕೇಳಿದ, ‘ಒರೆಸೋದಾ, ಒರೆಸದೇ ಇರೋದಾ?’ ಇದಕ್ಕಿಂತ ಒಳ್ಳೆ ಪದ ಯಾವ ಸಮಿತಿ ಕೊಟ್ಟೀತು ಹೇಳಿ.

ಆದರೂ ನನ್ನ ತಲೆಯಲ್ಲಿ ಇನ್ನೊಂದು ಪದ ಕುಳಿತಿದೆ: ತೊಡೆ. ‘ಅಳಿಸು’ ಅಂದರೆ ಮಗುವನ್ನು ಅಳಿಸುವುದೂ ಹೌದು. ‘ತೊಡೆ’ಗೆ ಕಾಲಿನ ತೊಡೆ ಬಿಟ್ಟರೆ ಅಂಥ ತಂಟೆ ಇಲ್ಲ. ಈಗ ಅದು ‘ಬಡತನ ತೊಡೆದುಹಾಕು’ ಅನ್ನುವ ಭಾಷಣದಲ್ಲಿ ಮಾತ್ರ ಉಳಿದಿದೆ. ಅಡುಗೆಮನೆ ಗೋಡೆಗೆ ತಂದರೆ ಅದಕ್ಕೂ ಜೀವ ಬಂದೀತು ಅನಿಸಿತು.

ಅಮ್ಮನ ಹತ್ತಿರ ಹೇಳಿದೆ. ‘ತೊಡೆಯೋದು ಅಂದ್ರೆ ಒರೆಸೋದು ಹೆಂಗೆ ಆಗ್ತು? ತೊಡೆದೇವು ಮಾಡಿದ್ದು ನೋಡಿದ್ದಿಲ್ಯ?’ ಅಂದಳು. ಹೌದಲ್ವಾ! ತೊಡೆದೇವು ನಮ್ಮ ಕಡೆಯ ಒಂದು ಸಿಹಿತಿಂಡಿ. ಬೋರಲು ಹಾಕಿದ ಮಡಕೆ ಕಾಯ್ದಿರುತ್ತದೆ. ಕೋಲಿಗೆ ಬಟ್ಟೆ ಸುತ್ತಿ, ಕಬ್ಬಿನ ಹಾಲು ಬೆರೆಸಿದ ಅಕ್ಕಿ ಹಿಟ್ಟಿನಲ್ಲಿ ಅದ್ದಿ, ಮಡಕೆಯ ಬೆನ್ನಿಗೆ ಒಂದೇ ಎಳೆತಕ್ಕೆ ತೊಡೆಯುತ್ತಾರೆ. ಕಾಗದದಂಥ ಹಾಳೆ ಎದ್ದು ಬರುತ್ತದೆ. ಇಲ್ಲಿ ತೊಡೆ ಅಂದರೆ ಬಳಿಯುವುದು. ಪುಸ್ತಕದಲ್ಲಿ ತೊಡೆ ಅಂದರೆ ಇಲ್ಲವಾಗಿಸುವುದು.

ನನ್ನ ಊಹೆ ಒಂದಿದೆ. ಹಿಂದೆ ಲೆಕ್ಕಪತ್ರ ಬರೆಯುತ್ತಿದ್ದ ಕಡತ ನೆನಪಿಸಿಕೊಳ್ಳಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆಯುವ ಮಡಿಕೆ ಪುಸ್ತಕ ಅದು. ಶೃಂಗೇರಿ ಮಠದಲ್ಲಿ ಅಂಥವು ಉಳಿದಿವೆ. ಬೇಡವಾದ ಬರಹ ಒರೆಸಬಹುದು, ಮತ್ತೆ ಮಸಿ ಬಳಿದರೆ ಹೊಸ ಪುಟ. ಅಲ್ಲಿ ಬಳಿಯುವುದೇ ಅಳಿಸುವುದು. ನೆಲ ಸಾರಿಸುವುದೂ ಹಾಗೇ: ಸಗಣಿ ಬಳಿಯುತ್ತೇವೆ, ನೆಲ ಚೊಕ್ಕಟವಾಯ್ತು ಅನ್ನುತ್ತೇವೆ. ‘ತೊಡೆ’ಯ ಎರಡು ಅರ್ಥ ಇಂಥ ಕೆಲಸದಲ್ಲೇ ಕೂಡಿಕೊಂಡಿರಬಹುದೇ? ಅಥವಾ ಇವು ಬೇರೆ ಬೇರೆ ಎರಡು ಧಾತುಗಳೇ? ಬಲ್ಲವರು ಹೇಳಬೇಕು.

ಇನ್ನೊಂದು ಪ್ರಶ್ನೆ ಕರಾವಳಿಯವರಿಗೆ. ಕುಮಟೆ, ಅಂಕೋಲೆ, ಕಾರವಾರದ ಕಡೆ ಮನೆಮಾತಿನಲ್ಲಿ ‘ತೊಡೆ’ ಕ್ರಿಯಾಪದ ಇದೆಯೇ? ಇದ್ದರೆ ಯಾವುದನ್ನು ತೊಡೆಯುತ್ತೀರಿ? ಕಟ್ಟಿನ ಮೇಲಂಚಿನಲ್ಲಿ ಹೆಸರು ಬರೆಯಲು ಜಾಗ ಬಿಟ್ಟಿದ್ದೇನೆ. ಸದ್ಯಕ್ಕೆ ಮಗಳು ‘ಒರೆಸೋ ಕ್ಯಾಲೆಂಡರ್’ ಅಂತ ಬರೆದಿಟ್ಟಿದ್ದಾಳೆ, ಒರೆಸೋ ಪೆನ್ನಿನಲ್ಲೇ.