ಹೊಸ ನೀರಿನ ಲೈನ್‌ಗೆ ಓಣಿ ಅಗೆದು ಎರೆಮಣ್ಣಿನಿಂದಲೇ ಮುಚ್ಚಿದ್ದಾರೆ, ನಳದ ನೀರೂ ವಾಸನೆ: ಏನು ಮಾಡಬೇಕು?

ಹಳೇಹುಬ್ಬಳ್ಳಿ ಓಣಿಯವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯಲ್ಲಿ 24 ತಾಸು ನೀರಿನ ಹೊಸ ಪೈಪ್‌ಲೈನ್ ಹಾಕುತ್ತಿದ್ದಾರೆ. ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ. ವಾರಕ್ಕೊಮ್ಮೆ ನೀರು ಬರುವ ಓಣಿ ನಮ್ಮದು, ವಾಲ್ವ್‌ಮನ್‌ಗೆ ಫೋನ್ ಹಚ್ಚಿ, ನಡುರಾತ್ರಿ ಎದ್ದು ಕೊಡ ತುಂಬಿಸಿಕೊಳ್ಳುವವರು ನಾವು. ಆದರೆ ಜೆಸಿಬಿ ತಂದು ಮನೆ ಕಟ್ಟೆಗೆ ಹತ್ತಿಕೊಂಡೇ ಅಗೆದರು, ಪೈಪ್ ಇಳಿಸಿದರು, ಅಗೆದ ಎರೆಮಣ್ಣನ್ನೇ ಮತ್ತೆ ತಗ್ಗಿಗೆ ತಳ್ಳಿ ಮುಂದಿನ ಓಣಿಗೆ ಹೋದರು. ಒಂದು ದೊಡ್ಡ ಮಳೆ ಬಂದದ್ದೇ ತಡ, ಮಣ್ಣು ಕುಸಿದು ಓಣಿ ಉದ್ದಕ್ಕೂ ರಾಡಿ. ಬಾಗಿಲ ಮುಂದೆ ಹಲಗೆ ಹಾಕಿದ್ದೇವೆ, ಅದೂ ಜಾರುತ್ತದೆ. ಅತ್ತೆಯವರಿಗೆ ಮೊಣಕಾಲು ನೋವು, ಗುಡಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಸಿಲಿಂಡರ್‌ನವನು ಓಣಿ ತುದಿಯಲ್ಲೇ ಇಳಿಸಿ ಹೋಗುತ್ತಾನೆ. ಇದಕ್ಕಿಂತ ಜಾಸ್ತಿ ಚಿಂತೆ ಅಂದರೆ, ಹೋದ ಸಲ ನಳ ಬಿಟ್ಟಾಗ ಮೊದಲು ಬಂದ ನೀರು ಗಟಾರದ ವಾಸನೆ ಹೊಡೆಯಿತು. ಮನೆಯಲ್ಲಿ ಸಣ್ಣ ಮಗು ಇದೆ. ಮಿರಗದ ಮಳೆ ಬರುವುದರೊಳಗೆ ಏನು ಕೇಳಬೇಕು, ಹೇಗೆ ಕೇಳಬೇಕು? ಗೊತ್ತಿದ್ದವರು ಹೇಳಿ.

ಪೈಪ್‌ಲೈನ್ ಸೂಪರ್‌ವೈಸರ್:
ಅಕ್ಕಾರೆ, ಮೊದಲು ನೀರಿನ ವಿಷಯ, ರಸ್ತೆ ಆಮೇಲೆ. ವಾಸನೆ ಬಂದ ನೀರು ಹೊಸ ಪೈಪಿನದಲ್ಲ. ಹೊಸ ಲೈನ್ ಚಾಲೂ ಆಗುವ ತನಕ ನಿಮಗೆ ಹಳೇ ಲೈನ್‌ನಿಂದಲೇ ನೀರು ಬರುತ್ತದೆ. ಅಗೆಯುವಾಗ ಜೆಸಿಬಿ ಹಲ್ಲು ಹಳೇ ಪೈಪಿಗೋ, ಮನೆಯಿಂದ ಚೇಂಬರ್‌ಗೆ ಹೋಗುವ ಒಳಚರಂಡಿ ಪೈಪಿಗೋ ತಾಗಿರಬೇಕು. ಎರಡೂ ಒಂದೇ ತಗ್ಗಿನಲ್ಲಿ ಹತ್ತಿರ ಹತ್ತಿರ ಇರುತ್ತವೆ. ನೀರು ಬಿಡದ ದಿನ ಹಳೇ ಪೈಪ್‌ನಲ್ಲಿ ಒತ್ತಡ ಇರುವುದಿಲ್ಲ, ಆಗ ಸುತ್ತಲಿನ ಹೊಲಸು ಸೀಳಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಯಾರ ಮನೆ ಮುಂದೆ ತಗ್ಗಿನಲ್ಲಿ ಮಳೆ ಇಲ್ಲದಾಗಲೂ ಹಸಿ ಇದೆ ನೋಡಿ. ಅಲ್ಲೇ ಅಗೆಸಿ. ಈಗ ಮಣ್ಣಷ್ಟೇ ಇದೆ, ಅರ್ಧ ದಿನದ ಕೆಲಸ. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಕೈ ಹಚ್ಚುವುದಿಲ್ಲ.

ಕಾಂಕ್ರೀಟ್ ಯಾಕೆ ಹಾಕಿಲ್ಲ ಅಂದರೆ, ಪೈಪಿನಲ್ಲಿ ನೀರು ತುಂಬಿಸಿ ಒತ್ತಡ ಏರಿಸಿ ಟೆಸ್ಟ್ ಮಾಡಬೇಕು, ಮನೆ ಮನೆಗೆ ಕನೆಕ್ಷನ್ ಎಳೆದು ಮೀಟರ್ ಕೂಡಿಸಬೇಕು. ಅದಕ್ಕೆ ಮೊದಲೇ ರಸ್ತೆ ಮಾಡಿದರೆ ಮತ್ತೆ ಒಡೆಯಬೇಕಾಗುತ್ತದೆ. ಆದ್ದರಿಂದ ‘ಕಾಂಕ್ರೀಟ್ ಹಾಕಿ’ ಅಂತ ಜಗಳಕ್ಕೆ ಹೋಗಬೇಡಿ. ‘ಎರೆಮಣ್ಣು ತೆಗೆದು ಗರಸು ಹಾಕಿ, ಒಂದೊಂದು ಪದರಕ್ಕೂ ನೀರು ಹೊಡೆದು ದಮ್ಮಸ್ಸು ಮಾಡಿ’ ಅಂತ ಹಿಡಿಯಿರಿ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಎಷ್ಟು ಚಂದದ ಕಾಂಕ್ರೀಟ್ ಹಾಕಿದರೂ ಎರಡು ಮಳೆಗಾಲಕ್ಕೆ ಸೀಳುತ್ತದೆ.

ಗೋಕುಲ್ ರೋಡ್ ಅಂಗಡಿ:
ಟೆಸ್ಟ್ ಆಗಲಿ, ಕನೆಕ್ಷನ್ ಆಗಲಿ ಅಂತ ಕಾಯುತ್ತಾ ಕೂತರೆ ಮಳೆಗಾಲವೇ ಮುಗಿಯುತ್ತದೆ ಅಣ್ಣಾರೆ. ನಮ್ಮ ಅಂಗಡಿ ಮುಂದೆ ಅಗೆದಾಗ ಗಿರಾಕಿ ಗಾಡಿ ನಿಲ್ಲಿಸಲಿಕ್ಕೂ ಜಾಗ ಇರಲಿಲ್ಲ, ಆಚೆ ಬದಿಯ ಅಂಗಡಿಗೆ ಹೋದವರು ಇನ್ನೂ ತಿರುಗಿ ಬಂದಿಲ್ಲ. ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಓಣಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ ಅಂತ ಎಲ್ಲರೂ ಸೇರಿ ಕೇಳಬೇಕು. ಎಲ್ಲಾ ಕಡೆ ಅಗೆದಿಟ್ಟು ಎಲ್ಲೂ ಮುಗಿಸದೆ ಇರುವುದೇ ನಮ್ಮ ದೊಡ್ಡ ತ್ರಾಸು. ಬಾಯಿಮಾತಲ್ಲಿ ಹೇಳಿ ಸುಮ್ನೆ ಬರಬೇಡಿ. ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಮಲಪ್ರಭೆ ನೀರು ಕುಡಿದವರು:
ನಮ್ಮದು 2008ರಲ್ಲೇ 24 ತಾಸು ನೀರು ಶುರುವಾದ ವಾರ್ಡ್. ಆಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡ್‌ಗಳಲ್ಲಿ ಪ್ರಯೋಗ ಅಂತ ಮಾಡಿದ್ದರು. ನಮಗೂ ಅಗೆದಾಗ ಹೀಗೇ ರಾಡಿ, ಹೀಗೇ ಜಗಳ. ಆದರೆ ನೀರು ಬಂದ ಮೇಲೆ ಅಡುಗೆಮನೆಯಲ್ಲಿ ಸಾಲಾಗಿ ಇಟ್ಟಿದ್ದ ಹಿತ್ತಾಳೆ ಕೊಡ ಎಲ್ಲಾ ಅಟ್ಟ ಹತ್ತಿದವು. ನಮ್ಮ ತಾಯಿಗೆ ನಿದ್ದೆಗೆಟ್ಟು ನೀರು ಹಿಡಿಯುವುದು ತಪ್ಪಿತು, ಅದಕ್ಕಿಂತ ದೊಡ್ಡದು ಇನ್ನೇನು ಬೇಕು? ಮೀಟರ್ ಬಿಲ್ ಬರುತ್ತದೆ, ಅದು ನಿಜ, ಸೋರುವ ನಳ ಮೊದಲೇ ರಿಪೇರಿ ಮಾಡಿಸಿಕೊಳ್ಳಿ.

ವಾಸನೆ ನೀರಿನ ಬಗ್ಗೆ ಒಂದು ಮಾತು. ಅಮೇರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಹುಬ್ಬಳ್ಳಿ-ಧಾರವಾಡದ ನಳದ ನೀರನ್ನೇ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದ್ದರು. ಬಿಟ್ಟು ಬಿಟ್ಟು ಬರುವ ನೀರಿಗಿಂತ ಸದಾ ಬರುವ ನೀರಿನಲ್ಲಿ ಹೊಲಸು ಕಡಿಮೆ ಅಂತ ಕಂಡುಬಂತು. ಬಿಟ್ಟು ಬಿಟ್ಟು ಬರುವ ಕಡೆ, ನಳ ಬಿಟ್ಟ ಕೂಡಲೇ ಬರುವ ಮೊದಲ ನೀರೇ ಜಾಸ್ತಿ ಕೆಟ್ಟದ್ದು. ಹಾಗಾಗಿ ಅದನ್ನು ಅಂಗಳ ತೊಳೆಯಲು ಬಿಡಿ, ಕುಡಿಯಲು ಹಿಡಿಯಬೇಡಿ. ವಾಸನೆ ನಿಂತ ಮೇಲೂ ಈಗ ಮಗುವಿಗೆ ಕುದಿಸಿ ಆರಿಸಿದ ನೀರೇ ಕೊಡಿ. ಕೆಟ್ಟ ನೀರು ಮನೆಯ ಸಂಪ್‌ಗೆ (ನೆಲದೊಳಗಿನ ತೊಟ್ಟಿಗೆ) ಹೋಗಿದ್ದರೆ ಖಾಲಿ ಮಾಡಿ ತೊಳೆಯಿರಿ. ಆಮೇಲೆ ತುಂಬುವ ನೀರಿಗೆ 1000 ಲೀಟರ್‌ಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕ. ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನಷ್ಟೇ ಹಾಕಿ, ಒಂದು ತಾಸು ಬಿಡಿ.

ಹಳೇಹುಬ್ಬಳ್ಳಿ ಓಣಿಯವಳು:
ತುಂಬಾ ಉಪಕಾರ ಆಯ್ತು. ಹಸಿ ತಗ್ಗು ಹುಡುಕಿದೆವು, ಮೂಲೆ ಮನೆ ಮುಂದೆ ಸಿಕ್ಕಿತು. ಒಳಚರಂಡಿ ಪೈಪ್ ತುಂಡಾಗಿ ಬಿದ್ದಿದೆ, ಅದಕ್ಕೆ ಹತ್ತಿಕೊಂಡೇ ನಮ್ಮ ಹಳೇ ನೀರಿನ ಪೈಪ್ ಇದೆ. ಫೋಟೋ ತೆಗೆದಿದ್ದೇವೆ. ನಾಳೆ ಓಣಿಯವರೆಲ್ಲಾ ಸಹಿ ಮಾಡಿ ಅರ್ಜಿ ಕೊಡುತ್ತೇವೆ, ಪೈಪ್ ರಿಪೇರಿ ಮೊದಲು, ಗರಸು ಎರಡನೆಯದು. ಒಂದೇ ಪ್ರಶ್ನೆ ಉಳಿಯಿತು ಅಣ್ಣಾರೆ, ಟೆಸ್ಟ್ ಮಾಡುವಾಗ ನಾವು ನಿಂತು ನೋಡಬಹುದಾ?

ಪೈಪ್‌ಲೈನ್ ಸೂಪರ್‌ವೈಸರ್:
ಧಾರಾಳವಾಗಿ ನೋಡಿ. ಪಂಪಿನ ಮೇಲೆ ಗಡಿಯಾರದಂಥ ಗೇಜ್ ಇರುತ್ತದೆ. ಒತ್ತಡ ಏರಿಸಿ ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಜರ್ರನೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಯಾವತ್ತು ಟೆಸ್ಟ್ ಅಂತ ಅರ್ಜಿಯಲ್ಲೇ ಕೇಳಿಬಿಡಿ.