ತುಮಕೂರು ಐಗೇಟ್: ಚುಕ್ಕೆ ಕೊರಟಗೆರೆ ಕಡೆ ಬೀಳುತ್ತಿದೆ, ಊರೊಳಗೆ ಪ್ಯಾಕೆಟ್ ಸಿಗುತ್ತಿಲ್ಲ

ಪ್ರಶ್ನೆ:
ತುಮಕೂರಿನಲ್ಲಿ ಕೇಳುವುದಕ್ಕಷ್ಟೇ ಒಂದು ಎಪಿಆರ್‌ಎಸ್ (ಹವ್ಯಾಸಿ ರೇಡಿಯೋದಲ್ಲಿ ಸ್ಥಾನ, ಚುಟುಕು ಮೆಸೇಜ್ ಕಳಿಸುವ ವ್ಯವಸ್ಥೆ) ಐಗೇಟ್ ಹಾಕಿದ್ದೇವೆ, ಅಂದರೆ ಗಾಳಿಯಲ್ಲಿ ಬಂದ ಪ್ಯಾಕೆಟ್ಟನ್ನು ಇಂಟರ್ನೆಟ್ಟಿಗೆ ಸೇರಿಸುವ ಸ್ಟೇಷನ್. 144.390 ಮೆಗಾಹರ್ಟ್ಸ್, ರಾಸ್ಪ್ಬೆರಿ ಪೈ, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರೇಡಿಯೋ ರಿಸೀವರ್), ಪ್ಯಾಕೆಟ್ ಡಿಕೋಡ್ ಮಾಡುವ ಡೈರ್‌ವುಲ್ಫ್ ತಂತ್ರಾಂಶ. ಆಂಟೆನಾ ತಾರಸಿಯ ಮೇಲೆ, ಕೆಳಗಿನ ತನಕ 20 ಮೀಟರ್ ಆರ್‌ಜಿ-58 (ತೆಳು ಆಂಟೆನಾ ಕೇಬಲ್). ನಕ್ಷೆಯಲ್ಲಿ ಐಗೇಟಿನ ಚುಕ್ಕೆ ಊರು ಬಿಟ್ಟು ಉತ್ತರಕ್ಕೆ, ಕೊರಟಗೆರೆ ಕಡೆ ಕೂರುತ್ತಿದೆ. ಕಾರಿನಲ್ಲಿ 5 ವ್ಯಾಟಿನ ವಾಕಿಟಾಕಿ, ಅದಕ್ಕೆ ಫೋನ್ ಜೋಡಿಸಿ ವಾಕ್ಸ್‌ನಲ್ಲಿ (ಸದ್ದು ಬಂದರೆ ರೇಡಿಯೋ ತಾನೇ ಟ್ರಾನ್ಸ್‌ಮಿಟ್ ಮಾಡುವ ಸೌಲಭ್ಯ) ಕಳಿಸುತ್ತೇವೆ. ದೇವರಾಯನದುರ್ಗದ ಮೇಲಿಂದ ಸಿಗುತ್ತದೆ, ಊರೊಳಗೆ ಬಂದರೆ ಅಪರೂಪ. ಏನು ನೋಡಬೇಕು?

ಉತ್ತರ 1:
ಚುಕ್ಕೆಯದು ಸುಲಭ. ಎಪಿಆರ್‌ಎಸ್ ಪ್ಯಾಕೆಟ್ಟಿನಲ್ಲಿ ಸ್ಥಾನ ಹೋಗುವುದು ಡಿಗ್ರಿ ಮತ್ತು ನಿಮಿಷದಲ್ಲಿ, ದಶಮಾಂಶ ಡಿಗ್ರಿಯಲ್ಲಲ್ಲ. ತುಮಕೂರು 13.34 ಡಿಗ್ರಿ ಅಂದರೆ 13 ಡಿಗ್ರಿ 20.4 ನಿಮಿಷ. ಅದನ್ನೇ 13 ಡಿಗ್ರಿ 34 ನಿಮಿಷ ಅಂತ ಬರೆದರೆ 13.6 ನಿಮಿಷ ಹೆಚ್ಚಾಗಿ ಚುಕ್ಕೆ ಸುಮಾರು 25 ಕಿ.ಮೀ. ಉತ್ತರಕ್ಕೆ ಓಡುತ್ತದೆ. ರೇಖಾಂಶ 77.10ಕ್ಕೂ ಅದೇ ಗತಿ: 77 ಡಿಗ್ರಿ 6 ನಿಮಿಷ ಆಗಬೇಕಾದ್ದು 10 ನಿಮಿಷವಾಗಿ 7 ಕಿ.ಮೀ. ಪೂರ್ವಕ್ಕೆ. ಎರಡೂ ಸೇರಿದರೆ ಕೊರಟಗೆರೆ ದಿಕ್ಕೇ.

ಉತ್ತರ 2:
ಪ್ಯಾಕೆಟ್ ವಿಚಾರಕ್ಕೆ ಮೊದಲು ಕೇಬಲ್. ಈ ಆವರ್ತನದಲ್ಲಿ 20 ಮೀಟರ್ ಆರ್‌ಜಿ-58 ಹತ್ತಿರಹತ್ತಿರ 4 ಡಿಬಿ ತಿನ್ನುತ್ತದೆ, ಬಂದ ಸಿಗ್ನಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೇಬಲ್‌ನಲ್ಲೇ ಹೋಯಿತು. ದಪ್ಪ ಕೇಬಲ್‌ಗೆ ದುಡ್ಡು ಹಾಕುವ ಬದಲು ಪೈ ಮತ್ತು ಡಾಂಗಲ್ ಎರಡನ್ನೂ ಮೆಟ್ಟಿಲಕೋಣೆಗೆ ಒಯ್ದು 2–3 ಮೀಟರ್ ಕೇಬಲ್ ಸಾಕು ಮಾಡಿ, ಕೆಳಗೆ ಈಥರ್‌ನೆಟ್ ಇಳಿಸಿ. ಡಾಂಗಲನ್ನು ಪೈಗೆ ನೇರ ಚುಚ್ಚಬೇಡಿ, ಪೈಯ ಗದ್ದಲ ಒಳಗೆ ಬರುತ್ತದೆ. ಗಿಡ್ಡ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ. ಹತ್ತಿರ ಎಫ್‌ಎಂ ಬಾನುಲಿ ಟ್ರಾನ್ಸ್‌ಮಿಟರ್ ಇದ್ದರೆ ಡಾಂಗಲ್ ಕಿವುಡಾಗುತ್ತದೆ. 88–108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಹಾಕಿ, ಗೇನನ್ನು (ಸಿಗ್ನಲ್ ಹಿಗ್ಗಿಸುವ ಮಟ್ಟ) ಆಟೋದಲ್ಲಿ ಬಿಡದೆ ಕೈಯಲ್ಲೇ ಇಳಿಸಿ ನೋಡಿ. ಆಂಟೆನಾ ಕಾಲು ತರಂಗದ್ದಾದರೆ ನೆಟ್ಟಗಿನ ಕಡ್ಡಿ 49 ಸೆಂ.ಮೀ., ಕೆಳಗೆ ಬಾಗಿದ ನಾಲ್ಕು ಕಡ್ಡಿ 51–52.

ಉತ್ತರ 3:
ನನಗೆ ಅನುಮಾನ ಬಂದದ್ದು ವಾಕ್ಸ್ ಮೇಲೆ. ಸದ್ದು ಕೇಳಿದ ಮೇಲೇ ವಾಕ್ಸ್ ರೇಡಿಯೋವನ್ನು ಏಳಿಸುತ್ತದೆ, ಅಷ್ಟರಲ್ಲಿ ಪ್ಯಾಕೆಟ್ಟಿನ ತಲೆ ಹಾರಿರುತ್ತದೆ. ಪ್ಯಾಕೆಟ್ಟಿಗೆ ಮೊದಲು ಹೋಗುವ ಮುಂಗಡ ಸದ್ದನ್ನು 300 ಮಿಲಿಸೆಕೆಂಡಿನಿಂದ 500–600ಕ್ಕೆ ಏರಿಸಿ. ಪಿಟಿಟಿ ಕೇಬಲ್ (ಸದ್ದಿಗೆ ಕಾಯದೆ ರೇಡಿಯೋದ ಟ್ರಾನ್ಸ್‌ಮಿಟ್ ಗುಂಡಿಯನ್ನೇ ಒತ್ತುವ ಕೇಬಲ್) ಇನ್ನೂ ಒಳ್ಳೆಯದು, ಫೋನಿನ ಮೆಸೇಜ್ ಸದ್ದೂ ಗಾಳಿಗೆ ಹೋಗುವುದು ತಪ್ಪುತ್ತದೆ.

ಆಮೇಲೆ ಫೋನಿನ ವಾಲ್ಯೂಮ್. ಹೆಚ್ಚಾದರೆ ಡೀವಿಯೇಷನ್ (ಸದ್ದಿಗೆ ತಕ್ಕಂತೆ ಆವರ್ತನ ಅತ್ತಿತ್ತ ಸರಿಯುವ ಪ್ರಮಾಣ) ಮಿತಿ ಮೀರಿ, ಪ್ಯಾಕೆಟ್ಟನ್ನು ಹೊರುವ 1200, 2200 ಹರ್ಟ್ಸ್ ಸ್ವರಗಳು ಚಪ್ಪಟೆಯಾಗುತ್ತವೆ. ಕಿವಿಗೆ ಜೋರಾಗಿ, ಚೆನ್ನಾಗಿ ಕೇಳುತ್ತದೆ, ಡಿಕೋಡ್ ಆಗುವುದಿಲ್ಲ. ಡೈರ್‌ವುಲ್ಫ್ ಪ್ರತಿ ಪ್ಯಾಕೆಟ್ಟಿನ ಮುಂದೆ ಆಡಿಯೋ ಮಟ್ಟ ಬರೆಯುತ್ತದೆ. ಬೇರೆ ಸ್ಟೇಷನ್ನುಗಳ ಅಂಕಿಗಿಂತ ನಿಮ್ಮದು ಎರಡರಷ್ಟಿದ್ದರೆ ಅಲ್ಲೇ ತಪ್ಪು. ಸರಿಸಮ ಆಗುವ ತನಕ ವಾಲ್ಯೂಮ್ ಇಳಿಸಿ.

ಉತ್ತರ 1, ಮತ್ತೆ:
ಇನ್ನೊಂದು ಮಾತು. ಕೇಳುವ ಐಗೇಟ್ ಮಾತ್ರ ಇದ್ದರೆ ಕಾರಿಗೆ ಬಂದ ಮೆಸೇಜ್ ಇಂಟರ್ನೆಟ್ಟಿನಲ್ಲೇ ಉಳಿಯುತ್ತದೆ, ಕಳಿಸಿದವರು ಉತ್ತರ ಸಿಗದೆ ಮತ್ತೆ ಮತ್ತೆ ಕಳಿಸುತ್ತಾರೆ. ಇವೆಲ್ಲ ಸರಿಯಾದ ಮೇಲೆ ಟ್ರಾನ್ಸ್‌ಮಿಟ್ ಕೂಡ ಸೇರಿಸಿ. ಡೈರ್‌ವುಲ್ಫ್‌ನಲ್ಲಿ ನಿಮಿಷಕ್ಕೆ 6 ಪ್ಯಾಕೆಟ್ ಮಿತಿ ಇರಲಿ, ಇಲ್ಲದಿದ್ದರೆ ಚಾನಲ್ ತುಂಬಿಹೋಗುತ್ತದೆ.