ಟರ್ಬೋ ಸಿ: ಹಿನ್ನೆಲೆ ಸಂಗೀತ ಹಾಕಿದ ಮೇಲೆ ಕಂಬಳದ ಗೇಮ್ ಸ್ಟಕ್ ಆಗ್ತಾ ಉಂಟು

ಕುಂಬಳೆ_ಕೋಡರ್
ಮಂಡೆ ಬಿಸಿಯಾಗಿ ಹೋಗಿದೆ, ಗೊತ್ತಿದ್ದವರು ಹೇಳಿ. ಡಾಸ್‌ನ ಹಳೆ ಕಂಪೈಲರ್ ಟರ್ಬೋ ಸಿ++ 3.0ರಲ್ಲಿ ಕಂಬಳದ ಗೇಮ್ ಬರೀತಾ ಇದ್ದೇನೆ. ಎರಡು ಕರೆ (ಓಟದ ಕೆಸರುಗದ್ದೆ), ಎರಡು ಜೋಡಿ ಕೋಣ. ಓಟ ಸರಿಯಾಗಿಯೇ ಉಂಟು. ಅದರ ಹಿಂದೆ ಮೋಹನ ರಾಗದ ಒಂದು ಸಣ್ಣ ತುಣುಕು ನುಡೀತಾ ಇರಬೇಕು ಅಂತ ಆಸೆ. ಮೊದಲು ಸ್ವರ ನುಡಿಸುವ ಸೌಂಡ್(), ಕಾಯಿಸುವ ಡಿಲೇ() ಹಾಕಿದ್ದೆ. ಒಂದೊಂದು ಸ್ವರ ಮುಗಿಯುವ ತನಕ ಕೋಣ ನಿಂತಲ್ಲೇ ನಿಲ್ತದೆ. ಹಾಗಾಗಿ ಟೈಮರ್ ಇಂಟರಪ್ಟ್ 1ಸಿಯನ್ನು ಹುಕ್ ಮಾಡಿದೆ, ಅಂದ್ರೆ ಗಡಿಯಾರದ ಪ್ರತಿ ಟಿಕ್‌ಗೂ ತಾನೇ ಓಡುವ ಹ್ಯಾಂಡ್ಲರ್ (ನನ್ನದೇ ಫಂಕ್ಷನ್) ಅಲ್ಲಿ ಸೇರಿಸಿದೆ. ಈಗ ಸ್ವಲ್ಪ ಹೊತ್ತು ಚಂದ ನುಡಿಸ್ತದೆ, ಆಮೇಲೆ ಇಡೀ ಮೆಷಿನ್ ಸ್ಟಕ್. ಕೀಬೋರ್ಡೂ ಇಲ್ಲ, ಕೊನೆಯ ಸ್ವರ ಮಾತ್ರ ಕೂಗ್ತಾ ಇರ್ತದೆ. ಎಂತ ಕಾರಣ?

ಉಪ್ಪಳದ_486
ಡಾಸ್‌ಬಾಕ್ಸ್‌ನ (ಹೊಸ ಕಂಪ್ಯೂಟರಿನಲ್ಲಿ ಡಾಸ್ ಓಡಿಸುವ ಎಮ್ಯುಲೇಟರ್) ಸೈಕಲ್ಸ್, ಅಂದ್ರೆ ವೇಗದ ಸೆಟ್ಟಿಂಗ್ ನೋಡಿ. ಮ್ಯಾಕ್ಸ್‌ನಲ್ಲಿದ್ದರೆ 3000ಕ್ಕೆ ಇಳಿಸಿ, ಸರಿಯಾಗ್ತದೆ.

ಕುಂಬಳೆ_ಕೋಡರ್
ಡಾಸ್‌ಬಾಕ್ಸ್ ಎಲ್ಲಿಂದ ಬಂತು? ನನ್ನದು ನಿಜವಾದ ಪೆಂಟಿಯಂ 133, ಎಂಎಸ್-ಡಾಸ್ 6.22.

ಉಪ್ಪಳದ_486
ಅದನ್ನು ಮೊದಲೇ ಹೇಳ್ಬೇಕಲ್ಲ. ಹಾಗಾದ್ರೂ ವೇಗದ್ದೇ ಸಮಸ್ಯೆ. ಬಯೋಸ್‌ನಲ್ಲಿ ಕ್ಯಾಶ್ (ಪ್ರೊಸೆಸರಿನ ವೇಗದ ಮೆಮೊರಿ) ಆಫ್ ಮಾಡಿ ನೋಡಿ.

ಕುಂಬಳೆ_ಕೋಡರ್
ಆಫ್ ಮಾಡಿದೆ. ಕೋಣ ತೆವಳಿಕೊಂಡು ಹೋಗ್ತದೆ, ಸ್ಟಕ್ ಆಗುವುದು ಹಾಗೆಯೇ ಉಂಟು.

ಉಪ್ಪಳದ_486
ಒಳಗಿನ ಕ್ಯಾಶ್, ಹೊರಗಿನ ಕ್ಯಾಶ್ ಎರಡನ್ನೂ ಆಫ್ ಮಾಡಿದ್ರಾ? ಟರ್ಬೋ ಬಟನ್ ಇದ್ದರೆ ಅದನ್ನೂ ಒತ್ತಿ.

ಬದಿಯಡ್ಕದ_ಬಿಟ್
ವೇಗವನ್ನು ಒಮ್ಮೆ ಬಿಡಿ ಅಣ್ಣ. 1ಸಿ ಬರುವುದು ಸೆಕೆಂಡಿಗೆ 18.2 ಸಲ, ಅದು 386ರಲ್ಲೂ ಪೆಂಟಿಯಂನಲ್ಲೂ ಒಂದೇ. ಕೋಡರ್ ಅವರೇ, ಹ್ಯಾಂಡ್ಲರ್ ಒಳಗೆ ಎಂತೆಲ್ಲ ಬರೆದಿದ್ದೀರಿ, ಪೂರ್ತಿ ಹೇಳಿ. ಸ್ವರಗಳು ಎಲ್ಲಿಂದ ಬರ್ತವೆ?

ಮಂಜೇಶ್ವರ_ಮೋಡೆಮ್
ಮಧ್ಯದಲ್ಲಿ ಬಾಯಿ ಹಾಕ್ತೇನೆ, ಕ್ಷಮಿಸಿ. ಪಿಸಿ ಸ್ಪೀಕರ್‌ನಲ್ಲಿ ಮೋಹನ ಹೇಗೆ ಬರ್ತದೆ? 523, 587, 659, 784, 880 ಅಂತ ಐದು ಹರ್ಟ್ಸ್ ಬರೆದರೆ ಅದು ರಾಗ ಅಲ್ಲ, ಕಾಲಿಂಗ್ ಬೆಲ್. ಸ್ವರ ಜಾರಿಸುವ ಗಮಕ ಎಲ್ಲಿ?

ಕುಂಬಳೆ_ಕೋಡರ್
ಕಛೇರಿ ಮಾಡ್ತಾ ಇಲ್ಲ ಮಾರಾಯ್ರೆ, ಕೋಣ ಓಡಿಸ್ತಾ ಇದ್ದೇನೆ. ಸ್ವರ ಫೈಲಿನಿಂದಲೇ ಬರುವುದಲ್ವಾ? ಒಂದು ಸ್ವರದ ಅವಧಿ ಮುಗಿದ ಕೂಡಲೇ ಹ್ಯಾಂಡ್ಲರ್ ಎಫ್‌ಸ್ಕ್ಯಾನ್‌ಎಫ್‌ನಿಂದ ಮುಂದಿನ ಸಾಲು ಓದ್ತದೆ.

ಬದಿಯಡ್ಕದ_ಬಿಟ್
ಅಲ್ಲಿಯೇ ಉಂಟು ನೋಡಿ ಸಮಸ್ಯೆ! ಡಾಸ್ ಒಂದು ಕೆಲಸದ ನಡುವೆ ಇರುವಾಗ ಇನ್ನೊಂದು ಕೆಲಸ ಹಿಡಿಯುವುದಿಲ್ಲ. ನಿಮ್ಮ ಗೇಮ್ ಸ್ಕೋರ್ ಬರೆಯಲಿಕ್ಕೋ ಕೀ ಓದಲಿಕ್ಕೋ ಇಂಟರಪ್ಟ್ 21ರ (ಡಾಸ್‌ನ ಸೇವೆಗಳಿಗೆ ಹೋಗುವ ಬಾಗಿಲು) ಒಳಗೆ ಹೋಗಿರ್ತದೆ. ಅದೇ ಹೊತ್ತಿಗೆ ಟೈಮರ್ ಬಂದು, ಹ್ಯಾಂಡ್ಲರ್ ಕೂಡ ಫೈಲ್ ಓದಲು 21ರ ಒಳಗೆ ನುಗ್ಗಿದರೆ ಡಾಸ್‌ನ ಒಳಗಿನ ಸ್ಟ್ಯಾಕ್ (ನಡುವಿನ ಲೆಕ್ಕ ಇಡುವ ಮೆಮೊರಿ) ಕಲಸಿ ಹೋಗ್ತದೆ. ಸ್ವಲ್ಪ ಹೊತ್ತು ಸರಿಯಾಗಿ ನುಡಿಸುವುದು ಯಾಕೆಂದರೆ, ಎಫ್‌ಸ್ಕ್ಯಾನ್‌ಎಫ್ ಒಂದೊಂದು ಸಾಲಿಗೂ ಡಿಸ್ಕಿಗೆ ಹೋಗುವುದಿಲ್ಲ, ಒಮ್ಮೆಲೇ ಬಫರ್ ತುಂಬಿಸಿಕೊಳ್ತದೆ. ಬಫರ್ ಖಾಲಿಯಾಗಿ ಪುನಃ ತುಂಬಿಸಲು ಹೋದಾಗ ಸಿಕ್ಕಿಬೀಳ್ತದೆ.

ಸೆಟ್‌ವೆಕ್ಟ್ (ಹ್ಯಾಂಡ್ಲರ್ ಸೇರಿಸುವ ಫಂಕ್ಷನ್) ಮಾಡುವ ಮೊದಲೇ ಇಡೀ ಫೈಲನ್ನು ಒಂದು ಅರೇಗೆ ಓದಿ, ಫೈಲ್ ಮುಚ್ಚಿಬಿಡಿ. ಹ್ಯಾಂಡ್ಲರ್ ಮಾಡಬೇಕಾದ್ದು ಇಷ್ಟೇ: ಕೌಂಟರ್ ಒಂದು ಇಳಿಸು, ಸೊನ್ನೆ ಆದರೆ ಮುಂದಿನ ಸ್ವರ. ಸೌಂಡ್() ಅಲ್ಲಿ ಕರೆದರೆ ತೊಂದರೆ ಇಲ್ಲ, ಅದು 43, 42, 61 (ಹೆಕ್ಸ್) ಈ ಟೈಮರ್, ಸ್ಪೀಕರ್ ಪೋರ್ಟ್‌ಗಳನ್ನು ಮಾತ್ರ ಮುಟ್ಟುವುದು. ಪ್ರಿಂಟ್‌ಎಫ್, ಮ್ಯಾಲಕ್, ಡಿಲೇ, ಫ್ಲೋಟ್ ಲೆಕ್ಕ ಯಾವುದೂ ಬೇಡ. ಕೌಂಟರನ್ನು ವೊಲಟೈಲ್ (ಯಾವಾಗ ಬೇಕಾದ್ರೂ ಬದಲಾಗುವಂಥದ್ದು) ಅಂತ ಡಿಕ್ಲೇರ್ ಮಾಡಿ, ಕಂಪೈಲರ್‌ನಲ್ಲಿ ಟೆಸ್ಟ್ ಸ್ಟ್ಯಾಕ್ ಓವರ್‌ಫ್ಲೋ ಅನ್ನುವ ಆಯ್ಕೆ ಆಫ್ ಇಡಿ. ಹೊರಗೆ ಬರುವ ದಾರಿ ಎಷ್ಟಿದ್ದರೂ ಎಲ್ಲದರಲ್ಲೂ ಹಳೆ ವೆಕ್ಟರ್ (ಮೊದಲಿದ್ದ ಹ್ಯಾಂಡ್ಲರಿನ ವಿಳಾಸ) ವಾಪಸ್ ಹಾಕಿ ನೋಸೌಂಡ್() ಕರೆಯಲೇಬೇಕು.

ಉಪ್ಪಳದ_486
ಸೌಂಡ್ ಬ್ಲಾಸ್ಟರ್ ಕಾರ್ಡ್ ಇದ್ದರೆ ಈ ರಗಳೆಯೇ ಇಲ್ಲ. ನನ್ನ 486 ಡಿಎಕ್ಸ್2-66ರಲ್ಲಿ ಎಸ್‌ಬಿ16 ಉಂಟು, ಪೋರ್ಟ್ 388ಕ್ಕೆ ಬರೆದರೆ ಎಫ್‌ಎಂ ಚಿಪ್ ತಾನೇ ನುಡಿಸ್ತದೆ. ಮಳೆಗಾಲದಲ್ಲಿ ಕಪಾಟಿನ ಒಳಗೆ ಬಲ್ಬ್ ಉರಿಸಿ ಕಾರ್ಡ್‌ಗಳನ್ನು ಇಡ್ತೇನೆ. ಕಡಲಿನ ಗಾಳಿಗೆ ಒಂದು ಪಿನ್ನೂ ಹಸಿರಾಗಿಲ್ಲ.

ಬದಿಯಡ್ಕದ_ಬಿಟ್
ಚಿಪ್ ಒಂದು ಸ್ವರ ಹಿಡಿದುಕೊಳ್ತದೆ, ಸರಿ. ಮುಂದಿನ ಸ್ವರ ಯಾವಾಗ ಅಂತ ಹೇಳಲಿಕ್ಕೆ ಅಲ್ಲಿಯೂ ಟೈಮರ್ ಬೇಕಲ್ಲ.

ಕುಂಬಳೆ_ಕೋಡರ್
ಅರೇಗೆ ಹಾಕಿದೆ. ಓಟ ಮುಗಿಯುವ ತನಕ ನುಡೀತು, ಸ್ಟಕ್ ಇಲ್ಲ! ತುಂಬಾ ಉಪಕಾರ ಆಯ್ತು. ಆದ್ರೆ ಲಯ ಕೂರ್ತಾ ಇಲ್ಲ. ನನಗೆ 120 ಮಿಲಿಸೆಕೆಂಡ್ ಬೇಕು. ಎರಡು ಟಿಕ್ ಕೊಟ್ಟರೆ ಓಡ್ತದೆ, ಮೂರು ಕೊಟ್ಟರೆ ಎಳೀತದೆ.

ಬದಿಯಡ್ಕದ_ಬಿಟ್
ಒಂದು ಟಿಕ್ ಅಂದ್ರೆ ಸುಮಾರು 55 ಮಿಲಿಸೆಕೆಂಡ್, ಅದರ ನಡುವೆ ಜಾಗ ಇಲ್ಲ. ಟೈಮರ್ ಚಿಪ್‌ನ ಚಾನೆಲ್ 0ಯ ವೇಗ ನಾಲ್ಕು ಪಟ್ಟು ಮಾಡಿ: ಪೋರ್ಟ್ 43ಕ್ಕೆ 36, ಆಮೇಲೆ ಪೋರ್ಟ್ 40ಕ್ಕೆ ಮೊದಲು 00, ನಂತರ 40, ಎಲ್ಲವೂ ಹೆಕ್ಸ್. ಡಿವೈಸರ್ (ಟೈಮರ್ ಭಾಗಿಸುವ ಸಂಖ್ಯೆ) 16384 ಆಗ್ತದೆ, ಸೆಕೆಂಡಿಗೆ 72.8 ಟಿಕ್. ಒಂಬತ್ತು ಟಿಕ್ ಕೊಟ್ಟರೆ ಹತ್ತಿರ ಹತ್ತಿರ 124 ಮಿಲಿಸೆಕೆಂಡ್. ಆದ್ರೆ ಆಗ 1ಸಿ ಸಾಲದು, ಟೈಮರ್ ಚಿಪ್ ನೇರ ಕರೆಯುವ ಇಂಟರಪ್ಟ್ 8ನ್ನೇ ಹಿಡಿಯಬೇಕು. ಪ್ರತಿ ನಾಲ್ಕನೇ ಸಲ ಹಳೆ ಹ್ಯಾಂಡ್ಲರನ್ನು ಕರೀರಿ, ಇಲ್ಲದಿದ್ದರೆ ಡಾಸ್‌ನ ಗಡಿಯಾರ ನಾಲ್ಕು ಪಟ್ಟು ಓಡ್ತದೆ. ಉಳಿದ ಮೂರು ಸಲ, ಇಂಟರಪ್ಟ್ ಮುಗೀತು ಅಂತ ತಿಳಿಸಲಿಕ್ಕೆ ಪೋರ್ಟ್ 20ಕ್ಕೆ 20 (ಹೆಕ್ಸ್) ಬರೆದು ಹೊರಡಿ. ಹೊರಗೆ ಬರುವಾಗ 40ಕ್ಕೆ ಎರಡು ಸಲ 00 ಕೊಟ್ಟರೆ ಹಳೆ ವೇಗ.

ಮಂಜೇಶ್ವರ_ಮೋಡೆಮ್
72 ಟಿಕ್ ಸಿಕ್ಕಿದರೆ ಗಮಕವೂ ಆಗ್ತದೆ! ಗ ಸ್ವರದಿಂದ ಪ ಸ್ವರಕ್ಕೆ ಹಾರುವ ಬದಲು 659ರಿಂದ 784ರ ವರೆಗೆ ನಾಲ್ಕು ಟಿಕ್‌ನಲ್ಲಿ ಜಾರಿಸಿ. ಹಾಗೆ ಮಾಡಿದ್ರೆ ನಾನು ರಾಗ ಅಂತ ಒಪ್ತೇನೆ.

ಉಪ್ಪಳದ_486
ಎಸ್‌ಬಿ16ರಲ್ಲಿ ಪಿಚ್ ಬೆಂಡ್ ಇನ್ನೂ ನುಣುಪು. ಕಾರ್ಡಿನ ಫೋಟೋ ನಾಳೆ ಹಾಕ್ತೇನೆ.

ಹೊಸಂಗಡಿ_ಹೊಸಬ
ನನಗೂ ಇದೇ ಸಮಸ್ಯೆ. ಆದ್ರೆ ನನ್ನದು ಶಬ್ದವೇ ಬರುವುದಿಲ್ಲ. ಎಂತ ಮಾಡ್ಬೇಕು?

ಉಪ್ಪಳದ_486
ಸೈಕಲ್ಸ್ ಎಷ್ಟಿಟ್ಟಿದ್ದೀರಿ?